ಹುರುಳಿಯ ಕಿವಿಗೆ ಗಾಳಿ ತಂದ ಕರೆ

ಕೇಳು, ಹೇಳ್ತೀನಿ. ಆದರೆ ನಡುವೆ ಬಾಯಿ ಹಾಕಬಾರದು. ಬಾಯಿ ಹಾಕಿದರೆ ಎದ್ದು ಹೋಗಿ ಅಕ್ಕಿ ಆರಿಸ್ತಾ ಕೂರ್ತೀನಿ. ಆಮೇಲೆ ಅಜ್ಜೀ ಅಜ್ಜೀ ಅಂತ ಸೆರಗು ಹಿಡಿದು ಎಳೆದರೂ ಬರೋಳಲ್ಲ ನಾನು.

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಬೆಟ್ಟಗಳಿಗೆ ಎಲ್ಲಿ ಕೂರಬೇಕು ಅನ್ನೋದೇ ಇನ್ನೂ ತೀರ್ಮಾನವಾಗಿರಲಿಲ್ಲ. ಹೊಳೆಗಳು ಸಿಕ್ಕಸಿಕ್ಕವರನ್ನೆಲ್ಲ ದಾರಿ ಕೇಳುತ್ತಿದ್ದವು. ಕಪ್ಪೆಗೆ ಮಾತು ಬರುತ್ತಿತ್ತು, ಕಲ್ಲಿಗೆ ಮಾತು ಬರುತ್ತಿತ್ತು, ಗಾಳಿಗಂತೂ ಬಾಯಿ ಮುಚ್ಚೋದೇ ಗೊತ್ತಿರಲಿಲ್ಲ. ನಿನ್ನ ಹಾಗೇ ಅನ್ನು.

ಆಗ ಎಲ್ಲಾ ನಾಯಿಗಳಿಗೂ ನೆಟ್ಟಗೆ ನಿಂತ ಕಿವಿ. ನಮ್ಮನೆ ಸ್ಪೇನಿಯಲ್‌ಗೆ ಇರೋ ಹಾಗೆ ಇಷ್ಟುದ್ದ ಜೋಲುವ ಕಿವಿ ಯಾವ ನಾಯಿಗೂ ಇರಲಿಲ್ಲ. ನಾಯಿಗಳೆಲ್ಲ ಹುಟ್ಟುತ್ತಿದ್ದದ್ದು ನಾಯಿಗುಡ್ಡದಲ್ಲಿ. ಬೇಸಿಗೆಯಲ್ಲಿ ಮರಿಗಳು ನೀರು ಹುಡುಕಿಕೊಂಡು ಗುಡ್ಡ ಇಳಿದು ಬರುತ್ತಿದ್ದವು. ಮನುಷ್ಯರ ಮನೆ ಕಂಡರೆ ಅಲ್ಲೇ ಉಳಿದುಕೊಳ್ಳುತ್ತಿದ್ದವು. ಮುದ್ದೆ ತಿನ್ನುತ್ತಿದ್ದವು, ಮಕ್ಕಳ ಜೊತೆ ಆಡುತ್ತಿದ್ದವು, ಬಾಗಿಲಲ್ಲಿ ಮಲಗುತ್ತಿದ್ದವು.

ಆದರೆ ಆಷಾಢ ಬಂತು ಅಂದರೆ ಮುಗೀತು.

ಗುಡ್ಡದ ಮೇಲೆ ನಾಯಿಗಳ ಹಿರಿತಾಯಿ ಇದ್ದಳು. ಮಕ್ಕಳು ಬೆಳೆದಿರಬೇಕು, ಇನ್ನು ಮನೆಗೆ ಬರಲಿ ಅಂತ ಅವಳೊಂದು ಕರೆ ಕೊಡುತ್ತಿದ್ದಳು. ಆ ಕರೆಯನ್ನು ಗಾಳಿ ಹೊತ್ತು ತರುತ್ತಿತ್ತು. ಕರೆ ಕಿವಿಗೆ ಬಿತ್ತೋ, ನಾಯಿ ಎದ್ದು ನಿಲ್ಲುತ್ತಿತ್ತು. ಮನಸ್ಸು ಬೇಡ ಅಂದರೂ ಕಾಲು ಕೇಳುತ್ತಿರಲಿಲ್ಲ. ಗುಡ್ಡದ ಕಡೆ ನಡೆದುಬಿಡುತ್ತಿತ್ತು. ಹೋದ ನಾಯಿ ಮತ್ತೆ ಬಂದದ್ದಿಲ್ಲ.

ಅವಳದೇನು ತಪ್ಪು ಹೇಳು, ಅವಳೂ ತಾಯಿಯೇ. ಆದರೆ ಸಾಕಿದವರ ಹೊಟ್ಟೆಯೂ ಉರಿಯುತ್ತಿತ್ತಲ್ಲ. ಅದಕ್ಕೇ ಜನ ನಾಯಿಮರಿಗೆ ಅನ್ನ ಹಾಕಿದರೂ ಹೆಸರು ಇಡುತ್ತಿರಲಿಲ್ಲ. ತೊಡೆ ಮೇಲೆ ಹತ್ತಿಸಿಕೊಳ್ಳುತ್ತಿರಲಿಲ್ಲ.

ಒಂದು ದೊಡ್ಡ ಕೆರೆ. ಕೆರೆ ತುಂಬ ಆಳೆತ್ತರದ ಜೊಂಡು. ಆ ಜೊಂಡು ಕೊಯ್ದು ಒಣಗಿಸಿ ಚಾಪೆ ನೇಯುವ ಒಂದು ಮನೆ ದಂಡೆಯ ಮೇಲಿತ್ತು. ಮನೆಗೆ ಯಜಮಾನಿ ತಿಪ್ಪಜ್ಜಿ. ಅವಳ ಮಗ ಬೋರಣ್ಣ, ಸೊಸೆ ಮಾರಕ್ಕ, ಮೊಮ್ಮಗಳು ದುಗ್ಗಿ. ತಿಪ್ಪಜ್ಜಿ ಒಂದು ಮಾತು ಅಂದರೆ ಒಂದೇ ಮಾತು. ಪದ್ಧತಿ ಅಂದರೆ ಪದ್ಧತಿ. ಅವಳ ಎದುರು ಕೆರೆಯ ನೀರೂ ಸದ್ದು ಮಾಡದೆ ದಡ ಮುಟ್ಟುತ್ತಿತ್ತಂತೆ.

ಒಂದು ದಿನ ಬೋರಣ್ಣ ಜೊಂಡಿನ ಹೊರೆ ತಂದು ಅಂಗಳದಲ್ಲಿ ಇಳಿಸಿದ. ಹೊರೆಯೊಳಗಿಂದ "ಕುಂಯ್" ಅಂತು.

ಬಿಚ್ಚಿ ನೋಡಿದರೆ ಒಂದು ಮರಿ! ಹುರುಳಿಕಾಳಿನ ಬಣ್ಣ. ಮೈ ತುಂಬ ಮೆತ್ತನೆ ಉದ್ದ ಕೂದಲು, ಕೂದಲ ತುಂಬ ಉತ್ತರಾಣಿ ಮುಳ್ಳು. ನೆನೆದು ನಡುಗುತ್ತಿತ್ತು.

"ನೀರಿಗೆ ಅಂತ ಬಂದೆ. ಜೊಂಡೊಳಗೆ ದಾರಿ ತಪ್ತು" ಅಂತು ಮರಿ.

"ಅಯ್ಯೋ ಕಂದಾ" ಅಂತ ದುಗ್ಗಿ ಲಂಗದಲ್ಲಿ ಸುತ್ತಿಕೊಂಡಳು.

"ಏಯ್ ದುಗ್ಗಿ, ಕೆಳಗೆ ಬಿಡು" ಅಂದಳು ತಿಪ್ಪಜ್ಜಿ. "ಒಂದು ತುತ್ತು ಹಾಕು, ಬೇಡ ಅನ್ನಲ್ಲ. ಹೆಸರು ಮಾತ್ರ ಇಡಬೇಡ. ಆಷಾಢದಾಗೆ ಹೋಗೋ ಪ್ರಾಣಿ ಅದು."

"ಇಟ್ಟಾಯ್ತಲ್ಲ ಅಜ್ಜಿ. ಹುರುಳಿ."

ತಿಪ್ಪಜ್ಜಿ ಮುಖ ಗಂಟು ಹಾಕಿಕೊಂಡು ಒಳಗೆ ಹೋದಳು.

ಹುರುಳಿ ಬೆಳೆಯಿತು. ಬೋರಣ್ಣನ ಹಿಂದೆ ಕೆರೆಗೆ ಇಳಿಯೋದು, ಜೊಂಡಿನಲ್ಲಿ ನುಗ್ಗಿ ನೀರುಕೋಳಿಗಳನ್ನೆಲ್ಲ ಎಬ್ಬಿಸೋದು, ತೇಲಿಹೋಗುವ ಕಂತೆಯನ್ನು ಬಾಯಲ್ಲಿ ಕಚ್ಚಿ ಎಳೆದು ತರೋದು. ಆಮೇಲೆ ಕೆಸರುಕಾಲಲ್ಲೇ ಓಡಿ ಬಂದು ಹೊಸ ಚಾಪೆಯ ಮೇಲೆ ಮೈ ಚಾಚೋದು.

ಮಾರಕ್ಕ ಬೈಯುತ್ತಾ ಅದರ ಮುಂದೆ ಕೂರುತ್ತಿದ್ದಳು. "ಇವತ್ತು ನೇಯ್ದಿದ್ದು ಕಣೋ ಅದು! ನಿನ್ನ ಮನೆ ಹಾಳಾಗ! ಈ ಕೂದಲು ನೋಡು, ಈ ಗಂಟು ನೋಡು" ಅನ್ನುತ್ತಾ ಒಂದೊಂದೇ ಉತ್ತರಾಣಿ ಮುಳ್ಳು ಬಿಡಿಸುತ್ತಿದ್ದಳು, ಬಾಚಣಿಗೆ ಹಿಡಿದು ನಿಧಾನಕ್ಕೆ ಸಿಕ್ಕು ಬಿಡಿಸುತ್ತಿದ್ದಳು. ಹುರುಳಿ ಬೈಗುಳ ಕೇಳುತ್ತಾ ಕಣ್ಣು ಮುಚ್ಚುತ್ತಿತ್ತು.

ನಾಯಿಯ ಮೇಲೆ ತನಗೆ ಆಸೆ ಹುಟ್ಟಿದೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬೋರಣ್ಣ ಯಾರಿಗೂ ಕಾಣದ ಹಾಗೆ ಮುದ್ದೆ ಮುರಿದು ಹಾಕುತ್ತಿದ್ದ. ಮಾರಕ್ಕ ಯಾರಿಗೂ ಕಾಣದ ಹಾಗೆ ಮಜ್ಜಿಗೆ ಇಡುತ್ತಿದ್ದಳು. ದುಗ್ಗಿಯ ತಟ್ಟೆಯ ಅರ್ಧ ಅದಕ್ಕೇ. ಪಾಪದ ಪ್ರಾಣಿ, ಬೇಡ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಊದಿಕೊಂಡು ಊದಿಕೊಂಡು ಹೊಸ್ತಿಲು ದಾಟೋಕೆ ಏದುಸಿರು ಬಿಡೋ ಹಾಗಾಯಿತು.

"ಯಾರ್ಯಾರು ಹಾಕ್ತಿದ್ದೀರಿ?" ಅಂತ ಗದರಿದಳು ತಿಪ್ಪಜ್ಜಿ. "ಪ್ರೀತಿ ಅಂತ ಹೊಟ್ಟೆ ಒಡೆಸ್ತೀರಾ? ಇನ್ನು ಮೇಲೆ ನನ್ನ ಕೈಯಿಂದ ಬಿದ್ದದ್ದಷ್ಟೇ ಅದರ ಊಟ."

ಗದರಿದವಳ ಸೆರಗಿನ ತುದಿಯಲ್ಲಿ ಒಂದು ತುಂಡು ಒಣಮೀನು ಕಟ್ಟಿತ್ತು ಅಂತ ಹುರುಳಿಗೆ ಮೂಗಲ್ಲೇ ಗೊತ್ತಾಯಿತು. ಅದು ಸುಮ್ಮನಿತ್ತು.

ಹಾಗೆ ಇರುವಾಗ ಆಷಾಢ ಹತ್ತಿರ ಬಂತು.

ಮೊದಲು ಜೊಂಡಿನ ತುದಿ ಅಲುಗಿತು. ಆಮೇಲೆ ಒಣಗೋಕೆ ಹಾಕಿದ ಬಟ್ಟೆ ಹಾರಿತು. ಆಚೆ ದಡದ ಕುಂಬಾರರ ಮನೆ ನಾಯಿ ಒಂದು ಮಧ್ಯಾಹ್ನ ಊಟದ ನಡುವೆ ತಲೆ ಎತ್ತಿ, ಕಿವಿ ನಿಮಿರಿಸಿ, ಗುಡ್ಡದ ಕಡೆ ನಡೆದುಹೋಯಿತು. ಕುಂಬಾರಗಿತ್ತಿ ಅದು ಉಣ್ಣುತ್ತಿದ್ದ ತೆಂಗಿನ ಚಿಪ್ಪು ಹಿಡಿದುಕೊಂಡು ದಡದಲ್ಲಿ ನಿಂತೇ ಇದ್ದಳು. ಈಚೆ ದಡದಲ್ಲಿ ಇವರು ನಾಲ್ಕೂ ಜನ ನೋಡಿದರು. ಬೋರಣ್ಣನ ಕೈಯಿಂದ ಕುಡುಗೋಲು ಜಾರಿತು.

ಅವತ್ತಿನಿಂದ ಆ ಮನೆಯಲ್ಲಿ ಯಾರಿಗೂ ತುತ್ತು ಇಳಿಯಲಿಲ್ಲ. ಎಲೆ ಅಲುಗಿದರೆ ನಾಯಿಯ ಕಡೆ ನೋಡೋದು. ಬಾಗಿಲು ಕಿರುಗುಟ್ಟಿದರೆ ನಾಯಿಯ ಕಡೆ ನೋಡೋದು. ನಾಯಿ ಎದ್ದು ನೀರು ಕುಡಿಯೋಕೆ ಹೋದರೂ ದುಗ್ಗಿ ಹಿಂದೆಯೇ ಓಡೋದು.

ಹುರುಳಿಗೂ ಭಯ. ಒಂದು ಸಲ ಚಿಕ್ಕದೊಂದು ಗಾಳಿ ಅಂಗಳದ ಕಸ ಸುತ್ತಿಸುತ್ತಾ ಬಂತು. ಹುರುಳಿ ಕೇಳಿತು, "ಗಾಳಿಯಣ್ಣ, ನನ್ನ ಕರೆ ತಂದಿದ್ದೀಯಾ?"

"ಇಲ್ಲಪ್ಪ. ಅದಕ್ಕೆ ಇನ್ನೂ ಟೈಮೈತೆ."

"ತರಲೇಬೇಡ."

"ಅದು ನನ್ನ ಕೈಲಿಲ್ಲ ಕಣೋ. ಹಿರಿತಾಯಿ ಕೊಡ್ತಾಳೆ, ನಾನು ತರ್ತೀನಿ. ತರದೆ ಹೊಟ್ಟೆಯೊಳಗೆ ಇಟ್ಕೊಂಡ್ರೆ ಅದು ಉಬ್ಬಿ ಬಿರುಗಾಳಿ ಆಗುತ್ತೆ. ಊರೇ ಹಾರಿಹೋಗುತ್ತೆ."

"ನನಗೆ ಕೇಳಿಸದೇ ಇದ್ರೆ?"

ಗಾಳಿ ಸ್ವಲ್ಪ ಹೊತ್ತು ಸುತ್ತೋದು ನಿಲ್ಲಿಸಿತು. "ಕೇಳಿಸದ ಕಿವಿ ನಾನಿನ್ನೂ ನೋಡಿಲ್ಲ" ಅಂತ ಹೇಳಿ ಹೋಯಿತು.

ಈ ಮಾತನ್ನು ಹುರುಳಿ ಓಡಿಹೋಗಿ ದುಗ್ಗಿಗೆ ಹೇಳಿತು. ದುಗ್ಗಿ ಅಪ್ಪ ಅಮ್ಮನಿಗೆ ಹೇಳಿದಳು. ಸರಿ, ಕಿವಿಗೆ ಕರೆ ಹೋಗದ ಹಾಗೆ ಮಾಡಿದರಾಯಿತು!

ಬೋರಣ್ಣ ಬೂರುಗದ ಹತ್ತಿ ತಂದು ಕಿವಿಗೆ ತುರುಕಿದ. ಬೂರುಗದ ಹತ್ತಿಗೂ ಗಾಳಿಗೂ ಮೊದಲಿನಿಂದ ಸ್ನೇಹ. ಗಾಳಿ ಅಂಗಳಕ್ಕೆ ಬಂದ ಕೂಡಲೇ ಹತ್ತಿ ತಾನಾಗಿ ಎದ್ದು ಹಾರಿಹೋಯಿತು.

ಮಾರಕ್ಕ ಎಣ್ಣೆ ಬಿಸಿ ಮಾಡಿದಳು. ಮನೆ ಮಕ್ಕಳಿಗೆ ಎಣ್ಣೆನೀರು ಹಾಕುವಾಗ ಕಿವಿಗೆ ಎರಡು ತೊಟ್ಟು ಬಿಡುತ್ತಿದ್ದರಲ್ಲ, ಹಾಗೇ ನಾಯಿಗೂ ಬಿಟ್ಟಳು. ಎರಡು ತೊಟ್ಟಲ್ಲ, ಹೆದರಿಕೆಗೆ ತುಂಬಿಸಿಯೇ ಬಿಟ್ಟಳು. ಕರೆ ಜಾರಿ ಆಚೆ ಹೋಗಲಿ ಅಂತ. ಹುರುಳಿಗೆ ಕಿವಿ ನೋವು ಬಂದು ತಲೆ ನೆಲಕ್ಕೆ ಉಜ್ಜಿ ಉಜ್ಜಿ ಅತ್ತಿತು. ಮಾರಕ್ಕನೂ ಅದರ ಜೊತೆ ಕೂತು ಅತ್ತಳು. "ಮಗು ಕಿವಿ ಬೇರೆ, ನಾಯಿ ಕಿವಿ ಬೇರೆ ಅಂತ ನನಗೆ ಹೊಳೀಲಿಲ್ವಲ್ಲೋ ಅಪ್ಪಾ" ಅಂತ ಹಣೆ ಚಚ್ಚಿಕೊಂಡಳು. ಆ ನೋವು ವಾಸಿಯಾಗೋವರೆಗೆ ಯಾರಿಗೂ ನಿದ್ದೆಯಿಲ್ಲ.

ಕೊನೆಗೆ ದುಗ್ಗಿ ಅಜ್ಜಿಯ ಹತ್ತಿರ ಹೋದಳು. "ಅಜ್ಜೀ, ನೀನೊಂದು ಮಾತು ಹೇಳಿದ್ರೆ ಗಾಳಿ ಕೇಳುತ್ತೆ. ಹುರುಳೀನ ಕಳಿಸಲ್ಲ ಅಂತ ಹೇಳು."

ತಿಪ್ಪಜ್ಜಿ ನೇಯುವುದು ನಿಲ್ಲಿಸಲಿಲ್ಲ. "ಆಷಾಢದಾಗೆ ಹೊಸ ಸೊಸೆಗೆ ತವರಿಂದ ಕರೆ ಬರುತ್ತೆ. ಬಂದ ಕರೇನ ಈ ಮನೆಯಾಗೆ ಯಾರೂ ಯಾವತ್ತೂ ತಡೆದಿಲ್ಲ. ನಿಮ್ಮಮ್ಮನ್ನ ಕರೆಯೋಕೆ ಅವಳಣ್ಣ ಬಂದಾಗ ನಾನು ತಡೆದ್ನಾ? ನಾಯಿಗೆ ಗುಡ್ಡ ತವರು. ತಡೆಯೋಕಾಗಲ್ಲ."

"ಸೊಸೇರು ಶ್ರಾವಣಕ್ಕೆ ತಿರುಗಿ ಬರ್ತಾರಲ್ಲಜ್ಜಿ. ಹುರುಳಿ ಬರಲ್ವಲ್ಲ!"

ಜೊಂಡಿನ ಎಳೆಗಳು ತಿಪ್ಪಜ್ಜಿಯ ಕೈಯಲ್ಲಿ ಅಡ್ಡಾದಿಡ್ಡಿಯಾಗಿದ್ದವು. ಅವಳು ಅದನ್ನು ಬಿಚ್ಚಿ ಮತ್ತೆ ನೇಯ್ದಳು.

ಮಾರನೆಯ ಮಧ್ಯಾಹ್ನ ಕೆರೆಯ ಜೊಂಡೆಲ್ಲ ಒಂದೇ ಕಡೆ ಬಾಗಿತು. ಗಾಳಿ ಬಂತು. ಚಿಕ್ಕ ಗಾಳಿಯಲ್ಲ, ಆಷಾಢದ ಗಾಳಿ. ದಾರಿಯ ಧೂಳನ್ನೆಲ್ಲ ಹೊದ್ದುಕೊಂಡು, ಕೆನ್ನೆ ಉಬ್ಬಿಸಿಕೊಂಡು, ಕರೆಯನ್ನು ಬಾಯಲ್ಲಿಟ್ಟುಕೊಂಡು ನೇರ ಇವರ ಬಾಗಿಲಿಗೇ ಬಂತು.

ದುಗ್ಗಿ ಹುರುಳಿಯನ್ನು ಅವುಚಿಕೊಂಡಳು. ಬೋರಣ್ಣ ಬಾಗಿಲು ಹಾಕೋಕೆ ಓಡಿದ.

"ಬಾಗಿಲು ತೆಗಿ" ಅಂದಳು ತಿಪ್ಪಜ್ಜಿ.

"ಅವ್ವಾ!"

"ತೆಗಿಯೋ ಅಂದೆ. ಕರೆಯೋಕೆ ಬಂದ ನೆಂಟರ ಮುಖದ ಮೇಲೆ ಬಾಗಿಲು ಹಾಕ್ತಾರಾ? ಬಾರಪ್ಪ ಗಾಳಿ, ಕೈಕಾಲು ತೊಳ್ಕೋ, ಒಳಗೆ ಬಾ."

ಗಾಳಿ ಹೊಸ್ತಿಲಲ್ಲೇ ತಬ್ಬಿಬ್ಬಾಯಿತು. ಲೋಕ ಹುಟ್ಟಿದಾಗಿನಿಂದ ಅದನ್ನು ಯಾರೂ ಒಳಗೆ ಕರೆದಿರಲಿಲ್ಲ. ಅದು ಬಂತು ಅಂದರೆ ಜನ ಬಾಗಿಲು ಹಾಕುತ್ತಿದ್ದರು, ಕಿಟಕಿ ಹಾಕುತ್ತಿದ್ದರು, ಬೈಯುತ್ತಿದ್ದರು. ಅದು ಮೈ ಚಿಕ್ಕದು ಮಾಡಿಕೊಂಡು, ಧೂಳೆಲ್ಲ ಅಂಗಳದಲ್ಲೇ ಕೊಡವಿ, ಮೆಲ್ಲಗೆ ಒಳಗೆ ಬಂತು. ಹೇಳೋಕೆ ಅಂತ ಬಾಯಿ ತೆರೆಯಿತು.

"ಆಂ ಹಾಂ! ಊಟ ಆಗೋವರೆಗೆ ಬಂದ ವಿಷಯ ಎತ್ತಬಾರದು. ಪದ್ಧತಿ ಗೊತ್ತಿಲ್ವಾ ನಿನಗೆ? ಮಾರಕ್ಕಾ, ಚಾಪೆ ಹಾಸು."

ಗಾಳಿ ಬಾಯಿ ಮುಚ್ಚಿಕೊಂಡು ಚಾಪೆಯ ಮೇಲೆ ಕೂತಿತು. ಗಾಳಿಗೆ ಏನು ಬಡಿಸೋದು? ಮಾರಕ್ಕ ರಾಗಿ ಹುರಿಹಿಟ್ಟು ತಂದಿಟ್ಟಳು. ಗಾಳಿ ಒಂದು ತುತ್ತು ಬಾಯಿಗೆ ಹಾಕಿತೋ ಇಲ್ಲವೋ, ಹಿಟ್ಟೆಲ್ಲ ಹಾರಿ ಬೋರಣ್ಣನ ಮೀಸೆ, ದುಗ್ಗಿಯ ಜಡೆ, ನಾಯಿಯ ಮೂಗು ಎಲ್ಲ ಹಿಟ್ಟೋ ಹಿಟ್ಟು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಒಬ್ಬರೂ ನಗಲಿಲ್ಲ. ಗಾಳಿ ಒಂದೊಂದು ತುತ್ತು ನುಂಗಿದಾಗಲೂ ದುಗ್ಗಿ, ಇನ್ನೆಷ್ಟು ಉಳಿದಿದೆ ಅಂತ ತಟ್ಟೆಯನ್ನೇ ನೋಡುತ್ತಿದ್ದಳು.

ತಟ್ಟೆ ಖಾಲಿಯಾಯಿತು. ಗಾಳಿ ಕೈ ತೊಳೆಯಿತು.

"ಈಗ ಹೇಳಪ್ಪ" ಅಂದಳು ತಿಪ್ಪಜ್ಜಿ.

"ನಿಮ್ಮನೆ ನಾಯೀನ ಗುಡ್ಡದ ತಾಯಿ ಕರೀತಾಳೆ, ತಾಯೀ" ಅಂತು ಗಾಳಿ. ಮೆಲ್ಲಗೇ ಹೇಳಿತು. ಅನ್ನ ಉಂಡ ಮನೆ ನೋಡು.

"ಬಂದವರು ಕೇಳಿದ ಮೇಲೆ, ಹೋಗೋರನ್ನೂ ಕೇಳಬೇಕು. ಅದೂ ಪದ್ಧತಿ." ತಿಪ್ಪಜ್ಜಿ ನಾಯಿಯ ಕಡೆ ತಿರುಗಿದಳು. "ಏನಪ್ಪಾ, ಹೋಗ್ತೀಯಾ?"

ಎಷ್ಟೋ ನಾಯಿಗಳು ಹೋಗಿದ್ದವು. ಒಂದನ್ನೂ ಯಾರೂ ಹೀಗೆ ಕೇಳಿರಲಿಲ್ಲ. ಹುರುಳಿ ಹೇಳಿತು, "ಹೋಗೋ ಮನಸ್ಸಿಲ್ಲ ಅಜ್ಜಿ. ನಾನು ಈ ಮನೆಯೋನು. ಆದರೆ ಕರೆ ಕಿವಿಗೆ ಬಿದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ."

"ಕೇಳಿದೆಯಾ?" ಅಂದಳು ತಿಪ್ಪಜ್ಜಿ ಗಾಳಿಗೆ.

ಗಾಳಿಯ ಮುಖ ಸಣ್ಣದಾಯಿತು. "ಕೇಳಿದೆ. ಆದರೂ ನಾನು ಹೇಳಲೇಬೇಕು ತಾಯಿ. ನನ್ನ ಹೊಟ್ಟೆಯಾಗೆ ಉಳಿಸ್ಕೊಂಡ್ರೆ ನಿಮ್ಮ ಕೆರೆ, ನಿಮ್ಮ ಮನೆ ಏನೂ ಉಳಿಯಲ್ಲ."

"ಹೇಳು. ನೀನು ಹೇಳೋದನ್ನ ನಾನು ತಡೆಯಲ್ಲ. ಹಿರಿಯರ ಕಾಲಿಗೆ ಬಿದ್ದ ಮಗೂಗೆ ನಾನು ಆಶೀರ್ವಾದ ಮಾಡೋದನ್ನ ನೀನೂ ತಡೀಬೇಡ." ತಿಪ್ಪಜ್ಜಿ ಎದ್ದು ನಿಂತಳು. "ಬಾರೋ ಹುರುಳಿ. ನಮಸ್ಕಾರ ಮಾಡು."

ಹುರುಳಿ ಬಂದು ತಿಪ್ಪಜ್ಜಿಯ ಪಾದದ ಮೇಲೆ ತಲೆ ಇಟ್ಟಿತು. ತಿಪ್ಪಜ್ಜಿ ಬಗ್ಗಿ ಅದರ ತಲೆಯ ಮೇಲೆ ಕೈ ಇಟ್ಟಳು. ಒಂದು ಕೈ ಈ ಕಿವಿಯ ಮೇಲೆ, ಒಂದು ಕೈ ಆ ಕಿವಿಯ ಮೇಲೆ. ನೆಟ್ಟಗಿದ್ದ ಕಿವಿಗಳು ಅಂಗೈ ಕೆಳಗೆ ಮಡಿಸಿಕೊಂಡವು. ಅವಳ ಕೈ ಮೇಲೆ ಬೋರಣ್ಣ ಕೈ ಇಟ್ಟ. ಅದರ ಮೇಲೆ ಮಾರಕ್ಕ ಇಟ್ಟಳು. ಎಲ್ಲರಿಗಿಂತ ಮೇಲೆ ದುಗ್ಗಿಯ ಪುಟ್ಟ ಕೈ.

ಗಾಳಿ ಕರೆಯನ್ನು ಊದಿತು.

ಪಾತ್ರೆಗಳೆಲ್ಲ ಉರುಳಿದವು. ಚಾಪೆಗಳು ಸುರುಳಿ ಬಿಚ್ಚಿ ಗೋಡೆಗೆ ಬಡಿದವು. ಕರೆ ಬಂದು ಕೈಗಳ ಮೇಲೆ ಬಿತ್ತು. ಬೆರಳಿನ ಸಂದಿ ಹುಡುಕಿತು, ಸಿಗಲಿಲ್ಲ. ಕೈಗಳ ಮೇಲಿಂದ ಜಾರಿ, ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ಜೊಂಡಿನೊಳಗೆ ಸೇರಿಕೊಂಡಿತು.

ಗಾಳಿ ಊದೋದು ನಿಲ್ಲಿಸಿತು. ಆದರೂ ಯಾರೂ ಕೈ ತೆಗೆಯಲಿಲ್ಲ. ಒಲೆ ಮೇಲೆ ಸಾರು ಸೀದುಹೋಯಿತು, ಆಗಲೂ ತೆಗೆಯಲಿಲ್ಲ. ತೆಗೆದರೆ ಎಲ್ಲಿ ಎದ್ದುಹೋಗುತ್ತದೋ ಅಂತ ಭಯ. ಕೊನೆಗೆ ಸೊಂಟ ನೋಯುತ್ತೆ ಅಂತ ತಿಪ್ಪಜ್ಜಿಯೇ ಮೊದಲು ಕೈ ಬಿಡಿಸಿಕೊಂಡಳು.

ಕೈ ತೆಗೆದರೂ ಕಿವಿ ಮೇಲೇಳಲಿಲ್ಲ. ಅಂಗೈ ಎಷ್ಟು ಅಗಲವೋ ಅಷ್ಟು ಅಗಲ, ಬೆರಳು ಎಷ್ಟು ಉದ್ದವೋ ಅಷ್ಟು ಉದ್ದವಾಗಿ ಕೆನ್ನೆಯ ಮೇಲೆ ಹಾಗೇ ಇಳಿಬಿದ್ದಿದ್ದವು. ಹುರುಳಿ ಎದ್ದು ನಿಂತಿತು. ಕಾಲು ಗುಡ್ಡದ ಕಡೆ ಹೋಗಲಿಲ್ಲ.

ದುಗ್ಗಿ ಕುಣಿದಳು. ಆದರೆ ಗಾಳಿ ಬಾಗಿಲಲ್ಲಿ ನಿಂತು ಹೇಳಿತು, "ಖುಷಿ ಆಮೇಲೆ ಪಡ್ರಿ. ಇಷ್ಟು ದಿನ ನಾಯಿಗಳ ಕಿವಿ ಒಣಗಿಸ್ತಿದ್ದೋನು ನಾನು. ಒದ್ದೆಯಾಗಿ ಬಂದ್ರೆ ಒಳಗೆ ಊದಿ ಆರಿಸ್ತಿದ್ದೆ. ಈಗ ನೀವು ಬಾಗಿಲು ಹಾಕಿಬಿಟ್ರಿ. ಇನ್ನು ಆ ಕೆಲಸ ನಿಮ್ಮದು. ನೀವು ಮರೆತ್ರೆ ಒಳಗೆ ಹುಣ್ಣಾಗುತ್ತೆ, ಅದು ತಲೆ ಕೊಡವುತ್ತೆ, ಕೊಡವಿದ್ರೆ ಕಿವಿ ಹಾರುತ್ತೆ. ಆ ಹೊತ್ತಿಗೆ ನಾನು ಆ ಕಡೆ ಬಂದಿದ್ರೆ ಕರೆ ಒಳಗೆ ಹೋಗುತ್ತೆ. ಆಗ ನನ್ನ ಬೈಬೇಡಿ. ಮಗ ಬರಲಿಲ್ಲ ಅಂದ್ರೆ ಹಿರಿತಾಯಿ ಮತ್ತೆ ಮತ್ತೆ ಕರೀತಾನೇ ಇರ್ತಾಳೆ."

ಕಿವಿ ಮುಚ್ಚಿದ್ದಕ್ಕೆ ಇನ್ನೊಂದು ಕಷ್ಟವೂ ಬಂತು. ಮೊದಲು ಹುರುಳಿ ಮಲಗಿದ್ದಲ್ಲೇ ಎಲ್ಲರ ಹೆಜ್ಜೆ ಕೇಳುತ್ತಿತ್ತು. ಮಾರಕ್ಕ ಹಿತ್ತಲಲ್ಲಿದ್ದಾಳೆ, ಬೋರಣ್ಣ ನೀರಿಗಿಳಿದ, ಎಲ್ಲ ಗೊತ್ತಾಗುತ್ತಿತ್ತು. ಈಗ ಸದ್ದೆಲ್ಲ ಮಂಕು. ಮಾರಕ್ಕ ಕೊಡ ಹಿಡಿದು ಹೊರಗೆ ಹೋದದ್ದು ತಿಳಿಯದೆ ಅದು ಅಡಿಗೆಮನೆ, ಪಡಸಾಲೆ, ಹಿತ್ತಲು ಎಲ್ಲ ಓಡಾಡಿ ಹುಡುಕಿ, ಅವಳು ಬಂದಾಗ ಕಾಲಿಗೆ ಸುತ್ತಿಕೊಂಡು ಅತ್ತಿತು. ಆಮೇಲೆ ಯಾರು ಎದ್ದರೂ ಅವರ ಹಿಂದೆಯೇ ಎದ್ದು ಹೋಗೋದು ಕಲಿಯಿತು. ಕಿವಿಗೆ ಸಿಗದವರನ್ನು ಕಣ್ಣಲ್ಲಿ ಇಟ್ಟುಕೊಳ್ಳಬೇಕಲ್ಲ.

ಮನೆಯವರು ದಿನಾ ಅದರ ಕಿವಿ ಎತ್ತಿ ಒರೆಸಿದರು. ದಿನಾ ಎತ್ತಿ ನೋಡಿದರು. ಆದರೆ ಮನುಷ್ಯರ ಬುದ್ಧಿ ಗೊತ್ತಲ್ಲ.

ಒಂದು ದಿನ ದಂಡೆಯಲ್ಲಿ ಜೊಂಡು ಹರವಿತ್ತು. ಇದ್ದಕ್ಕಿದ್ದ ಹಾಗೆ ಮಳೆ ಹನಿಯಿತು. ನೆನೆದರೆ ಜೊಂಡೆಲ್ಲ ಕೊಳೆತುಹೋಗುತ್ತದೆ. ಎಲ್ಲರೂ ಬಿದ್ದಂಬೀಳ ಓಡಿ ಕಂತೆ ಕಟ್ಟಿ ಒಳಗೆ ಹಾಕಿದರು. ಕೆರೆಗೆ ಜಾರಿದ ಕಂತೆಗಳನ್ನು ಹುರುಳಿ ಈಜಿ ಈಜಿ ತಂದುಕೊಟ್ಟಿತು. ಮುಗಿಯುವಷ್ಟರಲ್ಲಿ ಎಲ್ಲರಿಗೂ ಸುಸ್ತು. ಮಾರಕ್ಕ ಒರೆಸಿರುತ್ತಾಳೆ ಅಂತ ಬೋರಣ್ಣ. ದುಗ್ಗಿ ಒರೆಸಿರುತ್ತಾಳೆ ಅಂತ ಮಾರಕ್ಕ. ಅಜ್ಜಿ ಬಿಡುತ್ತಾಳಾ, ಒರೆಸಿಯೇ ಇರುತ್ತಾಳೆ ಅಂತ ದುಗ್ಗಿ. ತಿಪ್ಪಜ್ಜಿಯೋ, ಇಷ್ಟು ಜನ ಇದ್ದಾರಲ್ಲ ಅಂತ ಮಲಗಿಬಿಟ್ಟಳು.

ಕೆಲವೇ ದಿನದಲ್ಲಿ ಹುರುಳಿ ಕಾಲಲ್ಲಿ ಕಿವಿ ಕೆರೆಯೋಕೆ ಶುರು ಮಾಡಿತು. ಕಿವಿಯಿಂದ ಕೆಟ್ಟ ವಾಸನೆ.

"ನೀನು ಒರೆಸಲಿಲ್ವಾ?" "ನೀವು ಒರೆಸಿದ್ರಿ ಅಂದ್ಕೊಂಡೆ!" "ನಾನೆಲ್ಲಿ ಒರೆಸಿದೆ?" ಅಂತ ಅವರು ಅಂಗಳದಲ್ಲಿ ಒಬ್ಬರಿಗೊಬ್ಬರು ಕೂಗಾಡುತ್ತಿರುವಾಗಲೇ ಹುರುಳಿಗೆ ತಡೆಯಲಾಗಲಿಲ್ಲ. ತಲೆ ಕೊಡವಿತು. ಪಟಪಟಪಟ ಅಂತ ಎರಡೂ ಕಿವಿ ಮೇಲಕ್ಕೆ ಹಾರಿದವು.

ಅದೇ ಹೊತ್ತಿಗೆ ಗಾಳಿ ಕೆರೆ ದಾಟುತ್ತಿತ್ತು.

ಹುರುಳಿ ನಿಂತುಬಿಟ್ಟಿತು. ಮುಂಗಾಲು ಗುಡ್ಡದ ಕಡೆ ತಿರುಗಿತು.

"ಹುರುಳೀ!" ಅಂತ ದುಗ್ಗಿ ಕಿರುಚಿದಳು. ಅದು ಓಡತೊಡಗಿತ್ತು. ದುಗ್ಗಿ ಹಿಂದೆ ಓಡಿದಳು. ಜೊಂಡು ಮುಖಕ್ಕೆ ಬಡಿಯಿತು, ಕಾಲು ಕೆಸರಲ್ಲಿ ಹೂತಿತು. ದೊಡ್ಡವರು ಹಿಂದೆಲ್ಲೋ ಉಳಿದರು. ಮುಂದೆ ಹುರುಳಿ ಅಳುತ್ತಾ ಓಡುತ್ತಿತ್ತು. "ಹಿಡ್ಕೋ ಅಕ್ಕಾ! ಕಾಲು ನಿಲ್ತಾ ಇಲ್ಲ! ಹಿಡ್ಕೋ!"

ಗುಡ್ಡದ ಬುಡದಲ್ಲಿ ಒಂದು ಉತ್ತರಾಣಿ ಪೊದೆಗೆ ಅದರ ಉದ್ದ ಕೂದಲು ಸಿಕ್ಕಿಕೊಂಡಿತು. ದುಗ್ಗಿ ಹಾರಿ ಬಿದ್ದು ತಬ್ಬಿಕೊಂಡಳು. ಅವಳನ್ನೂ ಎಳೆದುಕೊಂಡು ಅದರ ಕಾಲು ನಡೆಯುತ್ತಲೇ ಇತ್ತು. ಕಿವಿಯ ಮೇಲೆ ಕೈ ಒತ್ತಿದಳು. ನೋವಿಗೆ ಹುರುಳಿ ಚೀರಿ ಮತ್ತೆ ತಲೆ ಕೊಡವಿತು, ಕಿವಿ ಮತ್ತೆ ಹಾರಿತು.

"ಬೇಗ ಮಗಾ, ಬೇಗ!" ಗಾಳಿ ಪಕ್ಕದಲ್ಲೇ ಇತ್ತು, ಕೆನ್ನೆ ಉಬ್ಬಿಸಿಕೊಂಡು. "ಅರ್ಧ ಕರೆ ಒಳಗೆ ಹೋಯ್ತು. ಇನ್ನರ್ಧ ನನ್ನ ಬಾಯಲ್ಲೈತೆ. ನಿಮ್ಮನೆ ಉಂಡಿದ್ದೀನಿ ಅಂತ ಉಸಿರು ಹಿಡ್ಕೊಂಡಿದ್ದೀನಿ. ಎಷ್ಟು ಹೊತ್ತು ಅಂತ ಹಿಡೀಲಿ?"

ಗಾಳಿ ಬಾಯಿ ಮುಚ್ಚಿತು. ಲೋಕದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಮೋಡಗಳು ಇದ್ದಲ್ಲೇ ನಿಂತವು. ಹಾರುತ್ತಿದ್ದ ಕೊಕ್ಕರೆ ಬೆಚ್ಚಿ ಕೆಳಗಿಳಿಯಿತು.

ದುಗ್ಗಿ ಕಾಲಿನಿಂದ ನಾಯಿಯನ್ನು ಸುತ್ತಿ ಹಿಡಿದಳು. ಲಂಗದ ಒಣಗಿದ ಅಂಚು ಹುಡುಕಿ ಬೆರಳಿಗೆ ಸುತ್ತಿಕೊಂಡಳು. ಕಿವಿ ಎತ್ತಿದಳು. ಒಳಗೆ ಕೆಂಪಗೆ, ಒದ್ದೆ, ಕಂದು ಬಣ್ಣದ ಕೊಳೆ. ಬೇಗ ಬೇಗ ಒರೆಸಿದರೆ ಹುರುಳಿ ಚೀರುತ್ತದೆ, ತಲೆ ಕೊಡವುತ್ತದೆ. ನಿಧಾನ ಮಾಡಿದರೆ ಗಾಳಿ ಉಸಿರು ಬಿಡುತ್ತದೆ. ಆದರೂ ನಿಧಾನವಾಗಿಯೇ ಒರೆಸಿದಳು. ಆಳಕ್ಕೆ ಚುಚ್ಚದೆ, ಮೇಲುಮೇಲೆ, ಮೆತ್ತಗೆ. "ಆಯ್ತು ಕಂದಾ, ಆಯ್ತು. ಇಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ" ಅಂತ ಹೇಳುತ್ತಲೇ ಒರೆಸಿದಳು. ಒಂದು ಕಿವಿ ಆಯಿತು. ಗಾಳಿಯ ಮುಖ ಕಪ್ಪಿಟ್ಟಿತ್ತು. ಇನ್ನೊಂದು ಕಿವಿ ಎತ್ತಿದಳು.

ಸ್ವಲ್ಪ ಸ್ವಲ್ಪವಾಗಿ ಉರಿ ಇಳಿಯಿತು. ಹುರುಳಿ ಚೀರೋದು ನಿಲ್ಲಿಸಿತು. ಕೊಡವೋದು ನಿಲ್ಲಿಸಿತು. ಅದರ ತಲೆ ಭಾರವಾಗಿ ಬಂದು ದುಗ್ಗಿಯ ತೊಡೆಯ ಮೇಲೆ ಬಿತ್ತು. ಎರಡೂ ಕಿವಿ ಕೆಳಗಿಳಿದು ಮುಚ್ಚಿಕೊಂಡವು. ದುಗ್ಗಿ ಅವುಗಳ ಮೇಲೆ ಅಂಗೈ ಇಟ್ಟಳು.

ಆಗ ಗಾಳಿ ತಡೆಯಲಾರದೆ ಹೂಫ್ ಅಂತ ಉಸಿರು ಬಿಟ್ಟಿತು. ಗುಡ್ಡದ ಮೇಲಿನ ಹುಲ್ಲೆಲ್ಲ ಮಲಗಿ ಎದ್ದಿತು. ಹುರುಳಿಯ ಕಾಲು ಅಲುಗಲಿಲ್ಲ.

ದೊಡ್ಡವರು ಏದುಸಿರು ಬಿಡುತ್ತಾ ಬಂದರು. ತಿಪ್ಪಜ್ಜಿ ಎಲ್ಲರಿಗಿಂತ ಹಿಂದೆ ಬಂದು, ಬೈಯೋಕೆ ಬಾಯಿ ತೆರೆದು, ಬೈಯಲಾಗದೆ ನೆಲದಲ್ಲೇ ಕುಸಿದು ಕೂತು ಅತ್ತಳು. ಅವಳು ಅತ್ತದ್ದನ್ನು ಬೋರಣ್ಣ ಅವತ್ತೇ ಮೊದಲು ನೋಡಿದ್ದು.

ಒಳಗೆ ಹೋದ ಆ ಅರ್ಧ ಕರೆ ಮಾತ್ರ ವಾಪಸ್ ಬರಲಿಲ್ಲ ಕಣೋ. ಜೋಲು ಕಿವಿಯ ಜೊತೆಗೆ ಹುರುಳಿಯ ಮಕ್ಕಳಿಗೂ ಬಂತು, ಮೊಮ್ಮಕ್ಕಳಿಗೂ ಬಂತು. ಅವಕ್ಕೆ ಮಾತು ಹೋಗಿ ಎಷ್ಟೋ ಕಾಲವಾದರೂ ಅದು ಹೋಗಲಿಲ್ಲ. ಅದಕ್ಕೇ ಗಾಳಿ ಬೀಸಿದಾಗ ಹುರುಳಿಯ ಕುಲದ ನಮ್ಮ ಸ್ಪೇನಿಯಲ್ ಎದ್ದು ಬಾಗಿಲ ತನಕ ಹೋಗೋದು, ಹೊರಗೆ ನೋಡೋದು, ಆಮೇಲೆ ಗಾಬರಿಯಿಂದ ತಿರುಗಿ ನೀನು ಇದ್ದೀಯಾ ಅಂತ ನೋಡೋದು. ಅದಕ್ಕೇ ನೀರಾಡಿ ಬಂದ ದಿನ ಅದು ಅಂಗೈಯಗಲದ ಆ ಜೋಲು ಕಿವಿ ಹೊತ್ತುಕೊಂಡು ನಿನ್ನ ಹತ್ತಿರ ಬಂದು, ತೊಡೆ ಮೇಲೆ ತಲೆ ಇಟ್ಟು, ನಿನ್ನ ಕೈ ಬರೋವರೆಗೂ ಅಲುಗಾಡದೆ ಕಾಯೋದು.